ಇಪ್ಪತ್ತು ರೂಪಾಯಿಯ ಒಡೆತನ

ಧಣಿಯು ಕಾರ್ಖಾನೆಗೆ ಬೀಗ ಜಡಿದು ಹೊರಟುಹೋದರೆ ದುಡಿಯುವವನ ಪಾಲಿಗೆ ಉಳಿಯುವುದೇನು? ಕೈಯಲ್ಲಿನ ಕಸುಬು, ಅಷ್ಟೆ. ಆ ಕಸುಬಿಗೆ ಕೊರತೆಬಿದ್ದ ಬಂಡವಾಳವನ್ನು ಸರ್ಕಾರವು ಒದಗಿಸಿದರೆ ಕೆಲಸಗಾರನೇ ಒಡೆಯನಾಗಬಲ್ಲನೆ? ಈ ಪ್ರಶ್ನೆಗೆ ನೆರೆಯ ಕಣ್ಣೂರಿನಲ್ಲಿ ಒಂದು ಉತ್ತರ ದೊರೆತಿದೆ. ಕಥೆಯ ಮೊದಲ ಎಳೆ ಮಾತ್ರ ನಮ್ಮ ಮಂಗಳೂರಿನದು.

ಉತ್ತರ ಮಲಬಾರಿನಲ್ಲಿ ಬೀಡಿ ಕಟ್ಟಿಸುತ್ತಿದ್ದ ದೊಡ್ಡ ವರ್ತಕರಲ್ಲಿ ಮಂಗಳೂರಿನವರು ಪ್ರಮುಖರು. ಬೀಡಿ ಕಾರ್ಮಿಕರ ಹಿತರಕ್ಷಣೆಗಾಗಿ 1966ರಲ್ಲಿ ಅಂಗೀಕೃತವಾದ ಶಾಸನವನ್ನು ಕೇರಳ ಸರ್ಕಾರವು 1968ರಲ್ಲಿ ಜಾರಿಗೆ ತರಲು, ರಜೆ, ಕೆಲಸದ ವೇಳೆ ಮುಂತಾದ ಹೊಣೆಗಳನ್ನು ಹೊರಲೊಲ್ಲದ ಧಣಿಗಳು ಅಲ್ಲಿನ ಕಾರ್ಖಾನೆಗಳನ್ನು ಮುಚ್ಚಿದರು. ಸಾವಿರಾರು ಸಂಸಾರಗಳ ಒಲೆ ಆರಿತು.

1969ರ ಫೆಬ್ರವರಿಯಲ್ಲಿ ಕಾರ್ಮಿಕರದೇ ಸಹಕಾರ ಸಂಘವಾದ ‘ಕೇರಳ ದಿನೇಶ್ ಬೀಡಿ’ ಆರಂಭವಾಯಿತು. ಒಂದು ಷೇರಿನ ಬೆಲೆ 20 ರೂಪಾಯಿ. ಕಾರ್ಮಿಕನು ಕೈಯಿಂದ ಕೊಡಬೇಕಾದದ್ದು 1 ರೂಪಾಯಿ. ಮಿಕ್ಕ 19 ರೂಪಾಯಿಗಳನ್ನು ಸರ್ಕಾರವು ಸಾಲವಾಗಿ ನೀಡಿತು. ದಾನವಾಗಿದ್ದರೆ ಅದು ಕೆಲವು ದಿನಗಳ ಗಂಜಿಯಾಗಿ ಕರಗಿಹೋಗುತ್ತಿತ್ತು. ಷೇರಿಗೆಂದೇ ಕೊಟ್ಟ ಸಾಲವಾದ್ದರಿಂದ ಅವನು ಪಾಲುದಾರನಾದನು.

ಹಣಕ್ಕಿಂತಲೂ ಮಿಗಿಲಾದ ನೆರವು ಮತ್ತೊಂದಿತ್ತೆಂಬುದು ನನ್ನ ಎಣಿಕೆ. ಎಲೆಯನ್ನೆಲ್ಲಿ ಕೊಳ್ಳಬೇಕು, ತಂಬಾಕನ್ನು ಹೇಗೆ ಆರಿಸಬೇಕು, ಪೇಟೆಯಲ್ಲಿ ಹೊಸ ಹೆಸರನ್ನು ಹೇಗೆ ನಿಲ್ಲಿಸಬೇಕು—ಇವೆಲ್ಲ ಬೀಡಿ ಸುತ್ತುವ ಬೆರಳುಗಳು ಅರಿಯದ ವಿದ್ಯೆಗಳು. ಆದುದರಿಂದ ಸರ್ಕಾರವು ಕೈಗಾರಿಕಾ ಇಲಾಖೆಯ ಅಧಿಕಾರಿ ಜಿ. ಕೆ. ಪಣಿಕ್ಕರ್ ಅವರನ್ನು ಕೇಂದ್ರ ಸಂಘದ ಅಧ್ಯಕ್ಷರನ್ನಾಗಿ ನೇಮಿಸಿತು. ಖರೀದಿಯೂ ಮಾರಾಟವೂ ಕೇಂದ್ರ ಸಂಘದ ಪಾಲಿಗೆ, ತಯಾರಿಕೆ ಪ್ರಾಥಮಿಕ ಸಂಘಗಳ ಪಾಲಿಗೆ. ಮಕ್ಕಳು ಮುಂದುವರಿಸಲೊಲ್ಲದೆ ಮುಚ್ಚಿಹೋಗುವ ನಮ್ಮ ಊರುಗಳ ಮುದ್ರಣಾಲಯ, ನೇಕಾರಿಕೆಯ ಶಾಲೆಗಳನ್ನು ಅಲ್ಲಿನ ಕೆಲಸಗಾರರಿಗೇ ವಹಿಸೋಣವೆನ್ನುವ ಹಿತೈಷಿಗಳು ಬರಿಯ ಸಾಲವನ್ನಷ್ಟೇ ಬೇಡದೆ ಇಂಥ ಒಬ್ಬ ಪಣಿಕ್ಕರರನ್ನೂ ಬೇಡುವುದು ಒಳಿತು.

ಮೇಷ್ಟರಾದ ನನಗೆ ಹಿಡಿಸಿದ ಸಂಗತಿಯೊಂದನ್ನು ಹೇಳದಿರಲಾರೆ. ಕಣ್ಣೂರಿನ ಬೀಡಿ ಶಾಲೆಗಳಲ್ಲಿ ಒಬ್ಬನು ವೃತ್ತಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರೆ ಉಳಿದವರು ಕೇಳುತ್ತ ಬೀಡಿ ಸುತ್ತುವರು. ಓದುವವನ ಪಾಲಿನ ಬೀಡಿಗಳನ್ನು ತಾವೇ ಕಟ್ಟಿಕೊಡುವರು. ಸಂಘದಲ್ಲಿಯೂ ಈ ಪದ್ಧತಿ ಮುಂದುವರಿಯಿತು. ತಮ್ಮ ವ್ಯವಹಾರವನ್ನು ತಾವೇ ಚರ್ಚಿಸಿ ನಡೆಸುವ ಅಭ್ಯಾಸ ಅಲ್ಲಿ ಮೊದಲೇ ಬೇರೂರಿತ್ತೆನ್ನಬೇಕು.

ಬೀಡಿಯು ದೇಹಕ್ಕೆ ಹಾನಿಕರವೆಂಬ ಆಕ್ಷೇಪವನ್ನು ನಾನು ಅಲ್ಲಗಳೆಯಲಾರೆ. ಒಂದು ಕಾಲಕ್ಕೆ ನಲವತ್ತು ಸಾವಿರವನ್ನು ದಾಟಿದ್ದ ಕೆಲಸಗಾರರ ಸಂಖ್ಯೆಯು ಬೇಡಿಕೆ ಕುಗ್ಗಿದಂತೆ ಬಹಳವಾಗಿ ಇಳಿಯಿತು. ಆಗಲೂ ಸಂಘವು ಹಳೆಯ ಧಣಿಗಳಂತೆ ಬೀಗ ಹಾಕಲಿಲ್ಲ. ಮಸಾಲೆಪುಡಿ, ಕೊಡೆ, ಉಡುಪುಗಳ ತಯಾರಿಕೆಗೆ ಕೈಹಚ್ಚಿತು.