ಖಾತೆಯ ಹೆಸರೂ ಒಂದು ಅಂಕಿತ

ವಚನಕಾರರ ಅಂಕಿತಗಳನ್ನು ಪರೀಕ್ಷೆಗೆಂದು ಕಂಠಪಾಠ ಮಾಡುವ ವಿದ್ಯಾರ್ಥಿಯ ಕೈಯಲ್ಲಿಯೇ ಇನ್ನೊಂದು ಬಗೆಯ ಅಂಕಿತವಿದೆ: ಮೊಬೈಲಿನ ಖಾತೆಗೆ ಆತ ಇಟ್ಟುಕೊಂಡ ಹೆಸರು. ಲಾಗಿನ್ ಆಗಲು ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ ಬೇಕು. ಪಾಸ್‌ವರ್ಡನ್ನು ಬಚ್ಚಿಡಬೇಕು, ಅದೆಷ್ಟೇ ಜಾಣತನದಿಂದ ಕೂಡಿದ್ದರೂ ಓದುಗನಿಲ್ಲದ ಕಾರಣ ಕಲೆಯಾಗಲಾರದು. ಹೆಸರಾದರೋ ಎಲ್ಲರೆದುರು ತೆರೆದಿರುತ್ತದೆ. ಅಭಿವ್ಯಕ್ತಿಯ ಹೊಣೆಯಿರುವುದು ಅಲ್ಲಿ.

ಬಸವಣ್ಣನವರ ‘ಕೂಡಲಸಂಗಮದೇವ’, ಅಕ್ಕಮಹಾದೇವಿಯ ‘ಚೆನ್ನಮಲ್ಲಿಕಾರ್ಜುನ’ ಇವು ತಮ್ಮನ್ನು ಒಪ್ಪಿಸಿಕೊಂಡ ದೈವದ ಹೆಸರುಗಳು. ಕನಕದಾಸರ ಅಂಕಿತದಲ್ಲಿ ಕಾಗಿನೆಲೆಯೆಂಬ ಊರೂ ಸೇರಿದೆ. ಅಂಬಿಗರ ಚೌಡಯ್ಯ ತನ್ನ ಕಾಯಕವನ್ನೂ ಹೆಸರನ್ನೂ ಕೂಡಿಸಿ ಅಂಕಿತ ಮಾಡಿಕೊಂಡ. ದೈವವೋ ಊರೋ ಕಾಯಕವೋ, ಹೆಸರಿನ ಆಯ್ಕೆಯಲ್ಲಿಯೇ ಒಂದು ನಿಲುವಿತ್ತು. ಇಂದಿನ ಖಾತೆಗಳಲ್ಲಿ ಹೆಸರಿನ ಮುಂದೆ ಹುಟ್ಟಿದ ವರ್ಷವನ್ನು ಅಂಟಿಸುವ ರೂಢಿಯಲ್ಲಿ ಅಂತಹ ನಿಲುವು ಕಾಣದು.

ಈ ಆಯ್ಕೆಯ ಬೆಲೆ ಹೆಚ್ಚು ತಿಳಿಯುವುದು ಗಡಿಯಾಚೆಯ ಕನ್ನಡಿಗರ ನಡುವೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಅನೇಕ ದೇವಾಂಗ ನೇಕಾರ ಮನೆತನಗಳಲ್ಲಿ ಕನ್ನಡ ಮನೆಮಾತು. ಶಾಲೆ, ಪೇಟೆ, ಬರವಣಿಗೆ ತಮಿಳಿನವು. ನಾಲಿಗೆಯ ಮೇಲೆ ಉಳಿದ ಕನ್ನಡದ ಲಿಪಿ ಹಲವರ ಕೈಗೆ ಬಂದಿಲ್ಲ. ನೇಕಾರನಾಗಿದ್ದು ‘ರಾಮನಾಥ’ ಅಂಕಿತದಲ್ಲಿ ವಚನ ಬರೆದ ದೇವರ ದಾಸಿಮಯ್ಯನ ಮಾತನ್ನು ಕೇಳಿ ತಿಳಿಯಬಲ್ಲವರೂ ಅದನ್ನು ಓದಲಾರರು.

ಇನ್‌ಸ್ಟಾಗ್ರಾಂ ಯೂಸರ್‌ನೇಮಿನಲ್ಲಿ ರೋಮನ್ ಅಕ್ಷರ, ಅಂಕಿ, ಚುಕ್ಕಿ, ಅಡಿಗೆರೆಗಳಿಗಷ್ಟೇ ಎಡೆಯಿದೆ. ಒಟ್ಟು 30 ಅಕ್ಷರಗಳ ಮಿತಿ. ಕನ್ನಡ ಲಿಪಿಯನ್ನು ಹೊರಗಿಡುವ ಈ ಕಟ್ಟಳೆಯನ್ನು ಪ್ರಶ್ನಿಸಬೇಕಾದುದು ನ್ಯಾಯವೇ. ಆದರೂ ಲಿಪಿ ಬಾರದ ಕನ್ನಡಿಗನಿಗೆ ಅಲ್ಲೊಂದು ಸಂದಿಯಿದೆ. ಮಗ್ಗ, ಲಾಳಿ, ಹಾಸು, ಹೊಕ್ಕು ಮುಂತಾದ ಮನೆಯ ಮಾತನ್ನು ಆತ ಜಗತ್ತಿನೆದುರು ತನ್ನ ಗುರುತಾಗಿಸಿಕೊಳ್ಳಬಲ್ಲ. ಲಾಳಿಯ ಳಕಾರ ಅಲ್ಲಿ ಲಕಾರದೊಡನೆ ಬೆರೆತುಹೋಗುತ್ತದೆ, ನಿಜ. ಆ ನಷ್ಟವನ್ನು ತುಂಬಲು ಅದೇ ಖಾತೆಯಲ್ಲಿ, ಯೂಸರ್‌ನೇಮಿನ ಹೊರತಾಗಿ ಹೆಸರು ಬರೆಯುವ ಜಾಗದಲ್ಲಿ ಕನ್ನಡ ಲಿಪಿಗೆ ಅಡ್ಡಿಯಿಲ್ಲ. ತನ್ನದೇ ಹೆಸರಿನ ಎರಡು ಅಕ್ಷರಗಳಿಂದ ಲಿಪಿಯ ಕಲಿಕೆ ಆರಂಭವಾಗಬಹುದು.

ಹೆಸರೊಂದರಿಂದ ಭಾಷೆ ಉಳಿಯದೆಂಬ ಆಕ್ಷೇಪ ಸರಿಯಾದುದೇ. ಅಂಕಿತಕ್ಕೆ ಬೆಲೆ ಬಂದದ್ದು ಅದರ ಹಿಂದಿನ ವಚನದಿಂದ. ಖಾತೆಗೆ ಕನ್ನಡದ ಹೆಸರಿಟ್ಟವನು ಅದರಡಿಯಲ್ಲಿ ಕನ್ನಡದ ನಾಲ್ಕು ಸಾಲು ಬರೆದಾಗಲೇ ಆ ಹೆಸರು ಸಾರ್ಥಕ. ಲಿಪಿಯೂ ಪರಂಪರೆಯೂ ಕೈಯಲ್ಲಿರುವ ಕನ್ನಡ ಐಚ್ಛಿಕದ ವಿದ್ಯಾರ್ಥಿಗಳು ಈ ಕೆಲಸದಲ್ಲಿ ಮೊದಲಿಗರಾಗಬೇಕು. ಗಡಿಯಾಚೆಯ ಗೆಳೆಯನೊಬ್ಬನಿಗೆ ಅವನ ಹೆಸರನ್ನು ಕನ್ನಡದಲ್ಲಿ ಬರೆಯಲು ಕಲಿಸಬೇಕು.