ಖಡಕ್ ವೈನಿ ಅಂದ್ರ ಯಾರು?

ಮೊನ್ನೆ ನಮ್ಮ ಮೈದುನ ಮನಿ ಗ್ರೂಪಿಗೆ ಹಾಕಿದ ಫೋಟೊ ನೀವೆಲ್ಲಾರೂ ನೋಡೀರಿ. ಅಮೆರಿಕಾದಾಗ ತನ್ನ ಮನ್ಯಾಗ ಬಿಯರ್ ಮಾಡ್ಯಾನ, ಬಾಟಲಿಗೆ ಕನ್ನಡದಾಗ ಚೀಟಿ ಅಂಟಿಸ್ಯಾನ. ಚೀಟಿ ಮ್ಯಾಲೆ ಇಳಕಲ್ ಸೀರಿ ಉಟ್ಟಾಕಿ ಸೊಂಟದ ಮ್ಯಾಲೆ ಕೈ ಇಟಗೊಂಡು ಕಣ್ಣು ಹೊಡೀಲಿಕ್ಕತ್ಯಾಳ. ಹೆಸರು ‘ಖಡಕ್ ವೈನಿ’. ನೀವು ಭಾಳ ಮಂದಿ ನಗೋ ಮಾರಿ ಕಳಿಸಿದ್ರಿ. ನಾನೂ ಕಳಿಸಿದೆ. ರಾತ್ರಿ ಭಾಂಡಿ ತಿಕ್ಕುವಾಗ ಹೊಳೀತು, ಅವ ವೈನಿ ಅಂತ ಕರಿಯೂದು ನನಗೊಬ್ಬಾಕಿಗೇ ಅಲ್ಲಾ?

ಬಿಯರ್ ಮಾಡಿದ್ದಕ್ಕ ನನ್ನ ತಕರಾರಿಲ್ಲ. ಇಲ್ಲೆ ನಮ್ಮ ಮನ್ಯಾಗ ಯಾರೂ ಕುಡಿಯೂದಿಲ್ಲ, ಅದು ಬ್ಯಾರೆ ಮಾತು. ಅಲ್ಲೆ 1978ರಾಗ ಕಾಯ್ದೆ ಮಾಡಿ, ತಮ್ಮ ಮನಿ ಪೂರ್ತೆ ಮಾಡ್ಕೋಬಹುದು, ಮಾರೂಹಂಗಿಲ್ಲ ಅಂದಾರ. ಕೆಲಸಾನೂ ಅಡಗಿಮನೀದೇ. ಮೊಳಕಿ ಬರಿಸಿ ಒಣಗಿಸಿದ ಬಾರ್ಲಿ ಬಿಸಿನೀರಾಗ ನೆನಸಿ ಸೋಸಬೇಕು, ಹಾಪ್ಸ್ ಅನ್ನೋ ಕಹಿ ಹೂವು ಹಾಕಿ ಕುದಸಬೇಕು, ಆರಿಸಿ ಯೀಸ್ಟ್ ಹಾಕಿ ಹುದುಗಲಿಕ್ಕೆ ಬಿಡಬೇಕು. ಒಂದು ಸಲ ಮಾಡಿದ್ರ 19 ಲೀಟರ್, ಸಣ್ಣ ಬಾಟಲಿ ಐವತ್ತು ತುಂಬತಾವ. ಅಷ್ಟು ಕಷ್ಟಪಟ್ಟಾವ ಹೆಸರಿಡೂದು ಸಹಜನ ಅದ.

ಆದ್ರ ಹಳೇ ಬಿಯರಿನ ಹೆಸರು ನೋಡ್ರಿ. ಪಿಲ್ಸನರ್ ಅಂದ್ರ ಪಿಲ್ಸೆನ್ ಊರಿಂದು, 1842ರಾಗ ಅಲ್ಲೇ ಹುಟ್ಟಿದ್ದು. ಲಾಗರ್ ಅನ್ನೋದು ಜರ್ಮನ್ ಮಾತು, ಕೂಡಿಡೂದು ಅಂತ ಅರ್ಥ. ತಂಪಿನ್ಯಾಗ ವಾರಗಟ್ಟಲೆ ಇಡ್ತಾರ. ಪೋರ್ಟರ್ ಅಂದ್ರ ಲಂಡನ್ನಿನ ಹಮಾಲರ ಬಿಯರ್. ಸೈಸನ್ ಅಂದ್ರ ಫ್ರೆಂಚಿನಾಗ ಹಂಗಾಮು, ಬೆಲ್ಜಿಯಮ್ಮಿನಾಗ ಹೊಲದ ಕೆಲಸಕ್ಕ ಬಂದೋರಿಗೆ ಕೊಡ್ತಿದ್ದದ್ದು. ನಮ್ಮ ಧಾರವಾಡ ಪೇಢೆ, ಗೋಕಾಕ ಕರದಂಟು, ಬೆಳಗಾವಿ ಕುಂದಾ ಇದ್ದಂಗ. ಊರು ಹೇಳ್ತಾವ, ಕಾಲ ಹೇಳ್ತಾವ, ದುಡಿಯೋರನ್ನ ನೆನಸ್ತಾವ.

‘ಅಯ್ಯ, ಚೇಷ್ಟಿಗೆ ಇಟ್ಟಾನ, ಅದಕ್ಕೇನು ಇಷ್ಟು’ ಅಂತೀರೇನು? ಆ ದೇಶದಾಗೂ ಹಿಂಗ ಅಂದು ಅಂದು ಸಾಕಾಗೇದ. 2017ರಾಗ ಅಲ್ಲಿನ ಸಣ್ಣ ಬಿಯರ್ ತಯಾರಕರ ಸಂಘ ಬ್ರೂವರ್ಸ್ ಅಸೋಸಿಯೇಶನ್, ಹೊಲಸು ಹೆಸರಿನ ಬಿಯರಿಗೆ ಬಹುಮಾನ ಬಂದ್ರೂ ವೇದಿಕಿ ಮ್ಯಾಲೆ ಆ ಹೆಸರು ಓದೂದಿಲ್ಲ ಅಂತ ನೇಮ ಮಾಡ್ತು. ಇನ್ನೊಂದು ಮಾತು. ಹಿಂದಕ ಇಂಗ್ಲೆಂಡಿನ ಹಳ್ಳಿಯೊಳಗ ಬಿಯರ್ ಮಾಡಾಕೀನೂ ಹೆಂಗಸು, ಮಾರಾಕೀನೂ ಹೆಂಗಸು. ಕೊಪ್ಪರಿಗಿ ಮುಂದ ನಿಂತಿದ್ದಾಕಿ ಈಗ ಚೀಟಿ ಮ್ಯಾಲಿನ ಗೊಂಬಿ ಆಗ್ಯಾಳ!

ಎರಡು ದಿನ ಬಿಟ್ಟು ಫೋನ್ ಮಾಡಿ ಹೇಳೇಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ತಪ್ಪಾತು ವೈನಿ, ನಿಮ್ಮನ್ನ ನೆನಸಿ ಇಟ್ಟಿದ್ದಲ್ಲ’ ಅಂದ. ನೆನಸಿರಲಿಕ್ಕಿಲ್ಲ, ಖರೆ. ನೆನಸಲಿಲ್ಲ ಅನ್ನೋದೇ ನನ್ನ ದೂರು.

ಮರುದಿನ ಹೊಸಾ ಹೆಸರು ಬಂತು, ‘ಅಜ್ಜಿ ಪಾನಕ’. ಬೆಲ್ಲ, ಶುಂಠಿ ಹಾಕ್ಯಾನಂತ. ಇದು ಇನ್ನೂ ಘಾತ! ನಮ್ಮ ಅತ್ತಿಯವರು ಈಗ ಅಲ್ಲೇ ಇದ್ದಾರ, ಸಕ್ಕರಿ ಬ್ಯಾನಿಗೆ ಗುಳಿಗಿ ತಗೋತಾರ. ನಡುರಾತ್ರಿ ಫ್ರಿಜ್ಜಿನ್ಯಾಗ ಕನ್ನಡ ಚೀಟಿ ಕಂಡ್ರ ಮೊದಲ ಕೈ ಹಾಕೋರು ಅವರೇ. ಸಣ್ಣ ಹುಡುಗ್ರೂ ಇದ್ದಾವ. ಹೆಸರು ಎಷ್ಟರೆ ಛಂದ ಇರಲಿ, ಒಳಗ ಏನದ ಅನ್ನೋದನ್ನ ಮುಚ್ಚಬಾರದು. ಉಪ್ಪಿನಕಾಯಿ ಭರಣಿಗೆ ನಾವು ಚೀಟಿ ಹಚ್ಚೂದು ಅದಕ್ಕೇ ಅಲ್ಲೇನು?

ಕಡೀಕೆ ನಾನೇ ಕೇಳಿದೆ, ‘ನೀ ಮಾಡಿದ್ದು ಯಾವ ಜಾತಿ ಬಿಯರೋ?’ ‘ಸೈಸನ್’ ಅಂದ. ‘ಹಂಗಿದ್ರ ಸುಗ್ಗಿ ಅಂತ ಇಡು’ ಅಂದೆ. ಈಗ ಚೀಟಿ ಮ್ಯಾಲೆ ‘ಸುಗ್ಗಿ’, ಅದರ ಕೆಳಗ ದೊಡ್ಡ ಅಕ್ಷರದಾಗ ‘ಬಿಯರ್’, ಆಮ್ಯಾಲೆ ಮಾಡಿದ ತಾರೀಖು, ಅಮಲು ಎಷ್ಟು ಅನ್ನೋ ಅಂಕಿ. ಬಾಜೂಕ ಒಂದು ಜ್ವಾಳದ ತೆನಿ ಚಿತ್ರ.

ಇನ್ನೊಮ್ಮೆ ಇಂಥಾ ಫೋಟೊ ಬಂದ್ರ, ನಗೋಕಿಂತ ಮೊದಲ ‘ಆಕಿ ಯಾರು’ ಅಂತ ಒಬ್ಬಾಕೆರೆ ಕೇಳ್ರಿ. ನನಗ ಕೇಳಲಿಕ್ಕೆ ಎರಡು ದಿನ ಹಿಡೀತು.