ಹಂಚಿಕೆಯೂ ಒಂದು ವಿದ್ಯೆ

ಸಂಪತ್ತನ್ನು ಗಳಿಸುವುದು ಒಂದು ವಿದ್ಯೆಯಾದರೆ, ಗಳಿಸಿದ್ದನ್ನು ಹಂಚುವುದು ಇನ್ನೊಂದು ವಿದ್ಯೆ. ಅರ್ಥಶಾಸ್ತ್ರದ ಈ ಪಾಠವು ಗಣಕಯಂತ್ರಕ್ಕೂ ಸಲ್ಲುತ್ತದೆಂದರೆ ಸಹಪಾಠಿಗಳು ನಕ್ಕಾರು. ಆದರೂ ಕಲಾವಿಭಾಗದ ವಿದ್ಯಾರ್ಥಿಯಾದ ನಾನು ಆ ಮಾತನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಅನೇಕ ಪ್ರೊಸೆಸರುಗಳು ಕೂಡಿ ದುಡಿಯುವ ಯಂತ್ರವೇ ಸಮಾಂತರ ಗಣಕ. ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ 1983ರಲ್ಲಿ ಕೆಲಸಕ್ಕೆ ತೊಡಗಿದ 'ಕಾಸ್ಮಿಕ್ ಕ್ಯೂಬ್' ಯಂತ್ರದಲ್ಲಿ 64 ಪ್ರೊಸೆಸರುಗಳಿದ್ದವು. ಒಂದೊಂದಕ್ಕೂ ಆರಾರು ನೆರೆಯವು. ನೆರೆಯವುಗಳ ನಡುವೆ ಸಂದೇಶವು ಬೇಗ ಮುಟ್ಟುವುದರಿಂದ, ಒಂದು ಕೆಲಸಕ್ಕೆ ಕೊಡುವ ಪ್ರೊಸೆಸರುಗಳೆಲ್ಲ ಒತ್ತಟ್ಟಿಗೆ ಇದ್ದರೆ ಲೇಸು. ತೊಡಕು ಹುಟ್ಟುವುದು ಇಲ್ಲಿಯೇ.

ಇದರ ಚಿಕ್ಕ ರೂಪವಾಗಿ ಒಂದು ಘನಾಕೃತಿಯನ್ನು ಊಹಿಸಿಕೊಳ್ಳಿ: 8 ಮೂಲೆ, 6 ಮುಖ. ಮೂಲೆಗೊಂದು ಪ್ರೊಸೆಸರು. 4 ಬೇಕೆಂದವನಿಗೆ ಒಂದು ಇಡೀ ಮುಖವೇ ಬಿಡುವಾಗಿರಬೇಕು; 5 ಬೇಕೆಂದವನಿಗೆ ಎಂಟನ್ನೂ ಕೊಟ್ಟು 3ನ್ನು ಸುಮ್ಮನೆ ಕೂರಿಸಬೇಕು. 'ಬಡ್ಡಿ' ಎಂಬ ಪದ್ಧತಿಯುಂಟು. ಇದು ಸಾಲದ ಬಡ್ಡಿಯಲ್ಲ, ಜೊತೆಗಾರನೆಂಬ ಅರ್ಥದ ಇಂಗ್ಲಿಷ್ ಮಾತು. ಅದು ಮೇಲಿನ ಮುಖ, ಕೆಳಗಿನ ಮುಖ ಎರಡನ್ನೇ ನೋಡಿ, ಸ್ಥಳವಿಲ್ಲವೆಂದು ಹೇಳಿಬಿಡುತ್ತದೆ. ಚೆನ್ ಮತ್ತು ಶಿನ್ ಎಂಬವರು 1987ರಲ್ಲಿ ಪ್ರಕಟಿಸಿದ ಗ್ರೇ ಸಂಕೇತದ ಪದ್ಧತಿಯು 4 ಮುಖಗಳನ್ನು ಗುರುತಿಸುತ್ತದೆ. ಯಂತ್ರ ಅದೇ, ಎಣಿಸುವ ಕ್ರಮವಷ್ಟೇ ಬೇರೆ.

ಆದರೆ ಎದುರುಬದುರಿನ ಎರಡು ಮೂಲೆಗಳು ತುಂಬಿದ್ದರೆ, ಆರು ಮುಖಗಳನ್ನೂ ಹುಡುಕಿದರೂ ಫಲವಿಲ್ಲ. 6 ಪ್ರೊಸೆಸರುಗಳು ಬಿಡುವಾಗಿವೆ; ಒಂದು ಮುಖವೂ ಬಿಡುವಾಗಿಲ್ಲ! ನಮ್ಮ ಮನೆತನದಲ್ಲಿ ಪದವಿ ತರಗತಿಗೆ ಬಂದವನು ನಾನೇ ಮೊದಲಿಗ. ನಮ್ಮ ಎರಡೆಕರೆ ಭೂಮಿ ಮೂರು ಕಡೆ ಹರಿದು ಹಂಚಿಹೋಗಿದೆ. ಇದ್ದೂ ಇಲ್ಲದಂತಾಗುವ ತುಂಡು ಹಿಡುವಳಿಯ ಕಷ್ಟವನ್ನು ನಾನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ನಡೆಯುತ್ತಿರುವ ಕೆಲಸಗಳನ್ನು ಎತ್ತಿ ಬೇರೆಡೆಗೆ ಸರಿಸಬಹುದು. ಅದಕ್ಕೆ ಕಾಲ ವ್ಯಯವಾಗುತ್ತದೆ. ಚದುರಿದವನ್ನೇ ಕೊಡಬಹುದು, ಆಗ ಒಬ್ಬರ ಸಂದೇಶ ಇನ್ನೊಬ್ಬರ ದಾರಿಗೆ ಅಡ್ಡ ಬಂದೀತು. ಸಿಕ್ಕ ಸಂದಿಯಲ್ಲೆಲ್ಲ ಸಣ್ಣ ಕೆಲಸಗಳನ್ನು ತುಂಬಿದರೆ ದೊಡ್ಡ ಕೆಲಸದ ಸರದಿ ಎಂದಿಗೂ ಬಾರದು. ಆದುದರಿಂದ ಮುಂದೆ ನಿಂತ ದೊಡ್ಡ ಕೆಲಸಕ್ಕೆ ಒಂದು ಹೊತ್ತನ್ನು ಕಾದಿರಿಸಿ, ಅಷ್ಟರೊಳಗೆ ಮುಗಿಯುವ ಸಣ್ಣವಕ್ಕೆ ಎಡೆಗೊಡುವ ಕ್ರಮವೇ ನ್ಯಾಯವೆಂದು ನನ್ನ ಅಭಿಮತ.

ಇನ್ನಷ್ಟು ಪ್ರೊಸೆಸರುಗಳನ್ನು ಕೊಂಡರಾಯಿತೆಂದು ಕೆಲವರು ವಾದಿಸುತ್ತಾರೆ. ಹಂಚಿಕೆ ಕೆಟ್ಟಿದ್ದರೆ, ಕೊಂಡವುಗಳಲ್ಲಿ ಬಹುಪಾಲು ಸುಮ್ಮನೆ ಕೂರುವವೇ ಆದಾವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ 'ಪರಮ್ ಪ್ರವೇಗ'ದ ಶಕ್ತಿ 3.3 ಪೆಟಾಫ್ಲಾಪ್, ಎಂದರೆ ಕ್ಷಣಕ್ಕೆ 3,300 ಲಕ್ಷ ಕೋಟಿ ಲೆಕ್ಕಗಳು. ಇಂತಹ ಯಂತ್ರಗಳು ಸಾರ್ವಜನಿಕರ ಹಣದಿಂದ ಬಂದವು. ಅವುಗಳ ಮುಂದಿನ ಸಾಲಿನಲ್ಲಿ ಯಾರು ಮೊದಲು, ಯಾರು ಎಷ್ಟು ಕಾಯಬೇಕೆಂಬ ನಿಯಮವನ್ನು ಬರೆಯುವವರು ಮನುಷ್ಯರೇ ಹೊರತು ಯಂತ್ರಗಳಲ್ಲ. ಆ ನಿಯಮವು ಎಲ್ಲರಿಗೂ ತಿಳಿಯುವಂತೆ ಬಹಿರಂಗವಾಗಿರಲಿ. ಯಂತ್ರ ಕಟ್ಟುವ ಕೆಲಸ ವಿಜ್ಞಾನದ ಮಿತ್ರರದೇ ಆಗಲಿ. ಆದರೆ ಸರದಿ ನ್ಯಾಯವಾದುದೇ ಎಂದು ಕೇಳುವ ಹಕ್ಕು, ಹೊಣೆ ಎರಡೂ ನಮ್ಮವು.